ಚಿತ್ರವು ಪ್ರಮಾಣವೇ?

ಬಾಯಿಂದ ಒಂದೂ ಸುಳ್ಳನ್ನಾಡದೆ ಪರರನ್ನು ಭ್ರಾಂತಿಗೆ ಈಡುಮಾಡುವುದು ಸಾಧ್ಯವೇ? ಸಾಧ್ಯವಾದರೆ ಆ ದೋಷವು ತೋರಿಸಿದವನಿಗೆ ಸೇರಿದ್ದೋ, ನೋಡಿ ನಂಬಿದವನಿಗೆ ಸೇರಿದ್ದೋ? ದ್ರೋಣಪರ್ವದಲ್ಲಿ ಬರುವ ಅಶ್ವತ್ಥಾಮನೆಂಬ ಆನೆಯ ಪ್ರಸಂಗವನ್ನು ಬಲ್ಲವರಿಗೆ ಈ ಪ್ರಶ್ನೆ ಹೊಸತಲ್ಲ. ಆನೆ ಸತ್ತದ್ದು ನಿಜ. ಆದರೂ ಧರ್ಮರಾಯನ ರಥವು ನೆಲಕ್ಕಿಳಿಯಿತು. ಶಬ್ದವು ನಿಜವಾಗಿದ್ದರೂ, ಅದರಿಂದ ಹುಟ್ಟಿಸಬೇಕೆಂದು ಬಯಸಿದ ಜ್ಞಾನವು ಸುಳ್ಳಾಗಿದ್ದರೆ, ಆಡಿದವನು ದೋಷಮುಕ್ತನಲ್ಲವೆಂಬುದೇ ಆ ಪ್ರಸಂಗದ ತಾತ್ಪರ್ಯ.

ಇದೇ ಪ್ರಶ್ನೆಯು ಇಂದು ಮುಂಬಯಿಯಲ್ಲಿ ವಾಸಿಸುವ ನಮ್ಮೆಲ್ಲರನ್ನೂ ಪ್ರತಿದಿನ ಎದುರುಗೊಳ್ಳುತ್ತದೆ. ಶಬ್ದದ ರೂಪದಲ್ಲಲ್ಲ, ಚಿತ್ರದ ರೂಪದಲ್ಲಿ. ಡೊಂಬಿವಲಿಯಿಂದಲೋ ಮುಲುಂಡಿನಿಂದಲೋ ಹೊರಟು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ತಲಪುವ ಪ್ರಯಾಣಿಕನ ಕಣ್ಣಿಗೆ ಎಷ್ಟು ಜಾಹೀರಾತುಗಳು ಬೀಳುತ್ತವೆಂದು ಎಣಿಸಿದವರಿಲ್ಲ. ಪ್ಲಾಟ್‌ಫಾರಮಿನ ಫಲಕ, ಪಾದಚಾರಿ ಸೇತುವೆಯ ಮೆಟ್ಟಿಲು, ಡಬ್ಬಿಯ ಒಳಗೋಡೆ, ಕೊನೆಗೆ ಕೈಯಲ್ಲಿರುವ ಮೊಬೈಲ್, ಎಲ್ಲಿಯೂ ಚಿತ್ರವೇ. ಇವುಗಳಲ್ಲಿ ಹೆಚ್ಚಿನವು ಯಾವ ಸುಳ್ಳನ್ನೂ ಹೇಳುವುದಿಲ್ಲ. ವಾಸ್ತವವಾಗಿ ಅವು ಏನನ್ನೂ ಹೇಳುವುದೇ ಇಲ್ಲ. ಅವುಗಳ ಬಲವಿರುವುದು ಅಲ್ಲಿಯೇ.

ಆಲಂಕಾರಿಕರು ಶಬ್ದಕ್ಕೆ ಅಭಿಧಾ, ಲಕ್ಷಣಾ, ವ್ಯಂಜನಾ ಎಂದು ಮೂರು ವೃತ್ತಿಗಳನ್ನು ಹೇಳಿದ್ದಾರೆ. ನೇರವಾಗಿ ತಿಳಿಸುವುದು ಅಭಿಧಾ. ಹೇಳದೆ ಹೊಳೆಯಿಸುವುದು ವ್ಯಂಜನಾ. ಒಂಬತ್ತನೆಯ ಶತಮಾನದ ಆನಂದವರ್ಧನನು ಕಾವ್ಯದ ಜೀವವನ್ನು ಈ ವ್ಯಂಜನೆಯಲ್ಲಿ ಕಂಡನು. ಕವಿಯ ಕೈಯಲ್ಲಿ ರಸವನ್ನು ಕೊಡುವ ಈ ಶಕ್ತಿಯನ್ನೇ ಇಂದಿನ ವ್ಯಾಪಾರಿಯು ಬಳಸಿಕೊಂಡಿದ್ದಾನೆ. ಎತ್ತರದ ಕಟ್ಟಡದ ಬಾಲ್ಕನಿ, ನಗುವ ದಂಪತಿಗಳು, ಆಡುವ ಮಗು, ಹಿಂದೆ ಹಸಿರು: ಇಷ್ಟನ್ನು ಬರೆದರೆ ಸಾಕು. ‘ಈ ಮನೆಯನ್ನು ಕೊಂಡರೆ ನಿಮ್ಮ ಸಂಸಾರ ಸುಖವಾಗಿರುವುದು’ ಎಂದು ಅಕ್ಷರದಲ್ಲಿ ಬರೆದರೆ ನಗುವ ನಾವು, ಚಿತ್ರವು ಅದನ್ನೇ ಸೂಚಿಸಿದಾಗ ನಗುವುದಿಲ್ಲ. ಕಾನೂನು ಬಹುಮಟ್ಟಿಗೆ ಅಭಿಧೆಯನ್ನು ಹಿಡಿಯುತ್ತದೆ. ಜಾಹೀರಾತು ವ್ಯಂಜನೆಯಲ್ಲಿ ಅಡಗಿ ಪಾರಾಗುತ್ತದೆ.

ಈಗ ಪ್ರಮಾಣದ ದೃಷ್ಟಿಯಿಂದ ನೋಡೋಣ. ನಮ್ಮ ಆಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರು ಪ್ರಮಾಣಗಳನ್ನು ಒಪ್ಪಿ, ಮೂರಕ್ಕೂ ‘ನಿರ್ದೋಷ’ವಾಗಿರಬೇಕೆಂಬ ನಿಯಮವನ್ನು ವಿಧಿಸಿದ್ದಾರೆ. ‘ನಾನು ಕಣ್ಣಾರೆ ಕಂಡೆ’ ಎಂಬುದರಲ್ಲಿ ನಮಗೆ ಬಹಳ ವಿಶ್ವಾಸ. ಆದರೆ ಜಾಹೀರಾತಿನಲ್ಲಿ ಕಣ್ಣಾರೆ ಕಂಡದ್ದು ಚಿತ್ರವನ್ನು ಮಾತ್ರ; ವಸ್ತುವಿನ ಗುಣವನ್ನಲ್ಲ. ಗುಣವನ್ನು ನಾವು ಊಹಿಸಿದ್ದೇವೆ. ಊಹೆಯಾದರೆ ಅದಕ್ಕೆ ವ್ಯಾಪ್ತಿ ಬೇಕು: ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬಂತೆ ಬಿಡಿಸಲಾಗದ ಸಂಬಂಧ ಬೇಕು. ಜಾಹೀರಾತು ತೋರಿಸುವುದು ಕೇವಲ ಸಾಹಚರ್ಯವನ್ನು, ಅಂದರೆ ಎರಡು ವಸ್ತುಗಳು ಒಂದೇ ಚೌಕಟ್ಟಿನಲ್ಲಿ ಒಟ್ಟಿಗಿರುವುದನ್ನು. ಅದು ವ್ಯಾಪ್ತಿಯಲ್ಲ, ಕಾಕತಾಲೀಯ. ಕಾಗೆ ಕುಳಿತದ್ದೂ ತಾಳೆಹಣ್ಣು ಬಿದ್ದದ್ದೂ ಒಂದೇ ಕ್ಷಣದಲ್ಲಿ ಎಂಬಷ್ಟೇ.

ಹಾಗಾದರೆ ನಾವೇಕೆ ನಂಬುತ್ತೇವೆ? ವ್ಯಾಪ್ತಿಯ ಗ್ರಹಣಕ್ಕೆ ನೆರವಾಗುವುದು ಭೂಯೋದರ್ಶನ, ಅಂದರೆ ಮತ್ತೆ ಮತ್ತೆ ಕಾಣುವುದು. ಅಡುಗೆಮನೆಯಲ್ಲಿ, ಯಜ್ಞಶಾಲೆಯಲ್ಲಿ, ಬಯಲಿನಲ್ಲಿ ಹೊಗೆಯನ್ನೂ ಬೆಂಕಿಯನ್ನೂ ಬೇರೆ ಬೇರೆಯಾಗಿ ಕಂಡವನಿಗೆ ಸಂಬಂಧವು ನಿಶ್ಚಯವಾಗುತ್ತದೆ. ಜಾಹೀರಾತು ಈ ಭೂಯೋದರ್ಶನದ ವೇಷವನ್ನು ತೊಡುತ್ತದೆ. ಠಾಣೆಯಲ್ಲಿ ಕಂಡ ಚಿತ್ರವೇ ಘಾಟ್‌ಕೋಪರದಲ್ಲಿ, ಅದೇ ದಾದರಿನಲ್ಲಿ, ಅದೇ ಭಾಯಖಳಾದಲ್ಲಿ. ಇಪ್ಪತ್ತು ಸಲ ಕಂಡೆವೆಂದು ಮನಸ್ಸು ಲೆಕ್ಕ ಹಾಕುತ್ತದೆ. ಆದರೆ ಒಂದೇ ಚಿತ್ರದ ಇಪ್ಪತ್ತು ಪ್ರತಿಗಳನ್ನು ಕಂಡದ್ದು ಇಪ್ಪತ್ತು ಸಾಕ್ಷ್ಯವಾಗದು. ಒಬ್ಬನೇ ಸಾಕ್ಷಿಯು ಇಪ್ಪತ್ತು ಬಾರಿ ನುಡಿದಂತೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ‘ಫೇರ್ ಅಂಡ್ ಲವ್ಲಿ’ ಎಂಬ ಮುಖಲೇಪವು 1975ರಲ್ಲಿ ಮಾರುಕಟ್ಟೆಗೆ ಬಂದಿತು. ಅದರ ಜಾಹೀರಾತುಗಳ ಸಾಮಾನ್ಯ ಕ್ರಮವನ್ನು ಎಲ್ಲರೂ ಬಲ್ಲರು: ಮೊದಲು ಕಪ್ಪು ಮೈಬಣ್ಣದ, ಬಾಡಿದ ಮುಖದ ಹುಡುಗಿ, ಅನಂತರ ಬೆಳ್ಳಗಾದ ಅದೇ ಹುಡುಗಿ, ಕೈಯಲ್ಲಿ ಉದ್ಯೋಗ, ಮುಖದಲ್ಲಿ ನಗು. ಮಹಿಳಾ ಸಂಘಟನೆಗಳು ಆಕ್ಷೇಪಿಸಿದವು. ಮುಂಬಯಿಯಲ್ಲಿ 1985ರಲ್ಲಿ ಸ್ಥಾಪಿತವಾದ ಜಾಹೀರಾತು ಮಾನದಂಡ ಮಂಡಳಿಯು, ಮೈಬಣ್ಣದ ಕಾರಣದಿಂದ ಯಾರನ್ನೂ ಕೀಳಾಗಿ ಚಿತ್ರಿಸಕೂಡದೆಂಬ ಸೂತ್ರಗಳನ್ನು 2014ರಲ್ಲಿ ಹೊರಡಿಸಿತು. 2020ರಲ್ಲಿ ‘ಫೇರ್’ ಹೋಗಿ ‘ಗ್ಲೋ’ ಬಂದಿತು.

ಆದರೆ ತಯಾರಕರನ್ನು ದೂರಿ ಸುಮ್ಮನಾಗುವುದು ನ್ಯಾಯವಲ್ಲ. ವ್ಯಂಜನೆಯು ಫಲಿಸಬೇಕಾದರೆ ನೋಡುವವನಲ್ಲಿ ಪೂರ್ವವಾಸನೆ ಇರಬೇಕು. ಬಿಳಿ ಬಣ್ಣವೇ ಭಾಗ್ಯವೆಂಬ ವಾಸನೆಯನ್ನು ಆ ಚಿತ್ರವು ಬಿತ್ತಲಿಲ್ಲ, ನಮ್ಮಲ್ಲಿದ್ದುದಕ್ಕೆ ನೀರೆರೆಯಿತು. ವಧೂವರರ ಅಂಕಣಗಳಲ್ಲಿ ‘ಗೌರವರ್ಣದ ಕನ್ಯೆ’ ಎಂದು ಬರೆಯಿಸಿದವರು ಯಾವ ಕಂಪನಿಯ ಮಾಲೀಕರೂ ಅಲ್ಲ, ನಮ್ಮ ನಿಮ್ಮ ಮನೆಯ ಹಿರಿಯರೇ. ದೇವರಮನೆಯಲ್ಲಿ ಶ್ಯಾಮಸುಂದರನನ್ನು ಪೂಜಿಸಿ, ಹಜಾರಕ್ಕೆ ಬಂದು ಸೊಸೆಯ ಬಣ್ಣವನ್ನು ಅಳೆಯುವ ನಮಗೆ ಆ ಜಾಹೀರಾತನ್ನು ಬೈಯುವ ಅಧಿಕಾರವು ಅರ್ಧದಷ್ಟೇ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ‘ವೇದದಲ್ಲಿಯೂ ಅರ್ಥವಾದಗಳಿವೆ. ಸ್ತುತಿಯಿಂದ ಸತ್ಕರ್ಮದಲ್ಲಿ ಪ್ರೇರಿಸುತ್ತವೆ, ನಿಂದೆಯಿಂದ ದುಷ್ಕರ್ಮದಿಂದ ನಿವಾರಿಸುತ್ತವೆ. ಜಾಹೀರಾತು ಮಾಡುವುದೂ ಅದನ್ನೇ. ತರ್ಕವೊಂದರಿಂದಲೇ ಮನುಷ್ಯನು ಕದಲುವುದಿಲ್ಲ. ಚಿತ್ರದಿಂದ ಪ್ರೇರಿಸುವುದೆಲ್ಲ ವಂಚನೆಯೆಂದರೆ ಹಿತವನ್ನು ಹೇಳುವ ದಾರಿಯೂ ಮುಚ್ಚಿಹೋಗುವುದಲ್ಲವೇ?’

ಈ ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೆ ಉತ್ತರವನ್ನು ಹುಡುಕಲು ನಾವು ದೂರ ಹೋಗಬೇಕಿಲ್ಲ. ಹಾರ್ಬರ್ ಮಾರ್ಗದ ವಡಾಳಾ ನಿಲ್ದಾಣದವರೆಗೆ ಹೋದರೆ ಸಾಕು. ಹಳಿ ದಾಟುವುದು ರೈಲ್ವೆ ಕಾಯದೆ 1989ರ 147ನೆಯ ಕಲಮಿನಂತೆ ಆರು ತಿಂಗಳ ಸೆರೆ ಅಥವಾ ಸಾವಿರ ರೂಪಾಯಿ ದಂಡಕ್ಕೆ ಗುರಿಯಾಗಬಹುದಾದ ಅಪರಾಧ. ಹಾಗೆಂದು ಬರೆದ ಫಲಕಗಳು ನಿಲ್ದಾಣಗಳಲ್ಲಿ ಎಂದಿನಿಂದಲೂ ಇವೆ. ಅವನ್ನು ಓದಿ ಹಿಂದಿರುಗಿದವರು ವಿರಳವೆಂಬುದನ್ನು ರೈಲ್ವೆಯಲ್ಲಿ ಸೇವೆ ಸಲ್ಲಿಸಿದ ನಾವೆಲ್ಲರೂ ಬಲ್ಲೆವು. 2009ರ ಕೊನೆಯಲ್ಲಿ ಮಧ್ಯ ರೈಲ್ವೆಯು ‘ಫೈನಲ್ ಮೈಲ್’ ಎಂಬ ಮುಂಬಯಿಯ ಸಲಹಾಸಂಸ್ಥೆಯೊಡನೆ ವಡಾಳಾದಲ್ಲಿ ಒಂದು ಪ್ರಯೋಗವನ್ನು ನಡೆಸಿತು. ಎದುರಿಗೆ ಬರುತ್ತಿರುವ ರೈಲನ್ನು ಕಂಡು ಕಣ್ಣರಳಿಸಿ ಚೀರುತ್ತಿರುವ ಮನುಷ್ಯನ ಮುಖದ ದೊಡ್ಡ ಛಾಯಾಚಿತ್ರಗಳನ್ನು ಜನ ಹಳಿ ದಾಟುವ ಸ್ಥಳದಲ್ಲಿಯೇ ನಿಲ್ಲಿಸಲಾಯಿತು. ಕೆಲವು ಸ್ಲೀಪರುಗಳಿಗೆ ಹಳದಿ ಬಣ್ಣ ಬಳಿಯಲಾಯಿತು. ಒಂದು ದೀರ್ಘ ಸೀಟಿಯ ಬದಲು ಎರಡು ಹ್ರಸ್ವ ಸೀಟಿಗಳನ್ನು ಊದುವಂತೆ ಮೋಟರ್‌ಮನ್‌ಗಳಿಗೆ ತಿಳಿಸಲಾಯಿತು. ಅನಂತರದ ತಿಂಗಳುಗಳಲ್ಲಿ ಅಲ್ಲಿಯ ಸಾವುಗಳು ಗಮನಾರ್ಹವಾಗಿ ಇಳಿದವು.

ಇದರ ಹಿಂದಿನ ಕಾರಣವು ಪ್ರಮಾಣವಿಚಾರಕ್ಕೆ ಬಹಳ ಸಮೀಪದ್ದು. ರೈಲಿನಂತಹ ಭಾರಿ ಗಾತ್ರದ ವಸ್ತುವು ನಮ್ಮ ಕಣ್ಣಿಗೆ ಇರುವುದಕ್ಕಿಂತ ನಿಧಾನವಾಗಿ ಬರುವಂತೆ ತೋರುತ್ತದೆ. ದಾಟುವವನು ಮೂರ್ಖನಲ್ಲ, ಅವನ ಪ್ರತ್ಯಕ್ಷವೇ ಸದೋಷ. ರೈಲು ಒಂದೊಂದೇ ಹಳದಿ ಪಟ್ಟಿಯನ್ನು ನುಂಗುತ್ತ ಬರುವಾಗ ನಿಜವಾದ ವೇಗವು ತಿಳಿಯುತ್ತದೆ. ಚೀರುವ ಮುಖವು, ಅಕ್ಷರವು ತೋರಿಸಲಾರದ ಫಲವನ್ನು ತೋರಿಸುತ್ತದೆ. ಇಲ್ಲಿ ಚಿತ್ರವು ಕಣ್ಣಿನ ದೋಷವನ್ನು ತೆಗೆಯಿತು; ಮುಖಲೇಪದ ಚಿತ್ರವು ಇಲ್ಲದ ದೋಷವನ್ನು ಕಣ್ಣಿಗೆ ಅಂಟಿಸಿತು. ಉಪಕರಣ ಒಂದೇ, ವ್ಯಾಪಾರ ಬೇರೆ.

ಆದರೂ ಭಯದಿಂದ ಪ್ರೇರಿಸುವುದು ಬುದ್ಧಿಯನ್ನು ಬದಿಗೊತ್ತಿದಂತಲ್ಲವೇ ಎಂಬ ಶಂಕೆ ಉಳಿಯುತ್ತದೆ. ಅದನ್ನು ಪರಿಹರಿಸಲು ಬಾಧದ ವಿಚಾರವು ನೆರವಾಗುತ್ತದೆ. ಹಗ್ಗದಲ್ಲಿ ಕಂಡ ಹಾವು, ದೀಪ ತಂದೊಡನೆ ಬಾಧಿತವಾಗುತ್ತದೆ, ಹಗ್ಗವು ಉಳಿಯುತ್ತದೆ. ಹಾಗೆಯೇ ಚಿತ್ರದ ತಂತ್ರವನ್ನು ನೋಡುವವನಿಗೆ ಬಿಡಿಸಿ ಹೇಳಿರಿ. ಅನಂತರವೂ ಪ್ರೇರಣೆಯು ಉಳಿದರೆ ಚಿತ್ರವು ಪ್ರಾಮಾಣಿಕ, ಅಳಿದರೆ ವಂಚಕ. ‘ನಿನ್ನನ್ನು ಹೆದರಿಸಲೆಂದೇ ಈ ಮುಖವನ್ನಿಟ್ಟಿದ್ದೇವೆ, ಏಕೆಂದರೆ ನಿನ್ನ ಕಣ್ಣು ರೈಲಿನ ವೇಗವನ್ನು ಅರಿಯಲಾರದು’ ಎಂದು ವಡಾಳಾದ ಪ್ರಯಾಣಿಕನಿಗೆ ಹೇಳಿದರೆ ಅವನು ಇನ್ನೂ ಎಚ್ಚರಗೊಳ್ಳುತ್ತಾನೆ. ‘ಈ ನಗುವಿಗೂ ಈ ಡಬ್ಬಿಗೂ ಸಂಬಂಧವಿಲ್ಲ, ಒಟ್ಟಿಗೆ ತೋರಿಸಿದ್ದೇವೆ ಅಷ್ಟೆ’ ಎಂದು ಬರೆದು ಯಾವ ವ್ಯಾಪಾರಿಯೂ ಮಾರಲಾರನು. ಅರ್ಥವಾದಕ್ಕೂ ಜಾಹೀರಾತಿಗೂ ಇರುವ ಅಂತರವು ಇದೇ: ಅದರ ಫಲವು ಕೇಳಿದವನಿಗೆ, ಇದರ ಫಲವು ಹೇಳಿದವನಿಗೆ.

ಈ ಒರೆಗಲ್ಲಿಗೆ ದೇವರ ಚಿತ್ರಗಳನ್ನೂ ಹಚ್ಚಬೇಕಾಗುತ್ತದೆ. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮ ಮುದ್ರಣಾಲಯದಿಂದ ಲಕ್ಷ್ಮೀ ಸರಸ್ವತಿಯರ ಚಿತ್ರಗಳು ಮನೆಮನೆಗೆ ಬಂದವು. ಅಂತಹ ಚಿತ್ರಗಳ ಕೆಳಗೆ ವ್ಯಾಪಾರದ ಹೆಸರು ಸೇರಲು ಬಹಳ ಕಾಲ ಹಿಡಿಯಲಿಲ್ಲ. ಕ್ಯಾಲೆಂಡರಿನಲ್ಲಿ ಮೇಲೆ ದೇವರು, ಕೆಳಗೆ ಅಂಗಡಿ. ಭಕ್ತಿಯು ಮೇಲಿನದಕ್ಕೆ ಸಲ್ಲುತ್ತ ವಿಶ್ವಾಸವು ಕೆಳಗಿನದಕ್ಕೆ ಜಾರುತ್ತದೆ. ಟಿ.ವಿ.ಯಲ್ಲಿ ಹನುಮಂತನ ಹೆಸರಿನ ಯಂತ್ರಗಳನ್ನು ಅಲೌಕಿಕ ಫಲದ ಆಸೆ ತೋರಿಸಿ ಮಾರುತ್ತಿದ್ದ ವಿಷಯದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಔರಂಗಾಬಾದ್ ಪೀಠವು 2021ರ ಜನವರಿಯಲ್ಲಿ ತೀರ್ಪಿತ್ತು, ಅಂತಹ ಜಾಹೀರಾತು 2013ರ ಮಹಾರಾಷ್ಟ್ರ ಕಾಯದೆಗೆ ವಿರುದ್ಧವೆಂದಿತು. ನ್ಯಾಯಾಲಯವು ಹೇಳುವ ಮೊದಲೇ ಭಕ್ತರು ಹೇಳಬೇಕಾಗಿದ್ದ ಮಾತಿದು. ಉತ್ಸವದ ಮಂಟಪಕ್ಕೂ ಧಾರ್ಮಿಕ ಮಾಸಪತ್ರಿಕೆಗೂ ದಾನಿಗಳು ಬೇಕು, ನಿಜ. ದಾನಿಯ ಹೆಸರನ್ನು ಕೃತಜ್ಞತೆಯಿಂದ ಬರೆಯಬಹುದು. ದೇವರ ಮುಖದ ಪಕ್ಕದಲ್ಲಿ ಅವನ ಸರಕನ್ನು ಇಡಕೂಡದು.

ನಮ್ಮ ಮಕ್ಕಳು ಮೊಮ್ಮಕ್ಕಳು ಈ ಚಿತ್ರಗಳ ನಡುವೆಯೇ ಬೆಳೆಯುತ್ತಿದ್ದಾರೆ. ಅವರ ಕಣ್ಣು ಮುಚ್ಚಿಸುವುದು ಆಗದ ಕೆಲಸ, ಅಗತ್ಯವೂ ಅಲ್ಲ. ಇಲ್ಲಿ ಕಂಡದ್ದೇನು, ಊಹಿಸಿದ್ದೇನು, ತಂತ್ರ ತಿಳಿದ ಮೇಲೆ ಉಳಿಯುವುದೇನು, ಫಲ ಯಾರಿಗೆ ಎಂಬ ನಾಲ್ಕು ಪ್ರಶ್ನೆಗಳನ್ನು ಅವರಿಗೆ ಕಲಿಸಬಹುದು. ತರ್ಕಶಾಸ್ತ್ರವನ್ನು ಗುರುಕುಲದಲ್ಲಿ ಓದುವ ಅವಕಾಶವು ಈ ನಗರದ ಮಕ್ಕಳಲ್ಲಿ ಕೆಲವರಿಗಷ್ಟೇ ಸಿಕ್ಕೀತು. ಲೋಕಲ್ ರೈಲಿನ ಕಿಟಕಿಯ ಬಳಿ ಅದರ ಮೊದಲ ಪಾಠವು ಎಲ್ಲರಿಗೂ ಸಿಗಬಹುದು. ಅದನ್ನು ಹೇಳಿಕೊಡುವ ಹಿರಿಯರು ಪಕ್ಕದಲ್ಲಿ ಕುಳಿತಿರಬೇಕು, ಅಷ್ಟೆ.