ಸೋಲಿನ ಹೊರೆ ಯಾರ ತಲೆಗೆ?

 

*ಇಂದಿನ ಚಿಂತನೆ: ನಿಂದೆ*

ಫುಟ್‌ಬಾಲ್ ನೋಡುವವರ ಮಾತನ್ನು ಕೇಳಿದ್ದೀರಾ? ಗೆದ್ದ ದಿನ ಗೋಲು ಹೊಡೆದವನ ಹೆಸರು, ಸೋತ ದಿನ ಗೋಲು ಬಿಟ್ಟವನ ಹೆಸರು. ಮುಂದೆ ಆಡುವವನು ಹತ್ತು ಸಲ ಗುರಿ ತಪ್ಪಿದರೂ ಹನ್ನೊಂದನೆಯದು ಒಳಗೆ ಹೋದರೆ ಸಾಕು, ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಹಿಂದೆ ನಿಂತು ಕಾಯುವವನ ಲೆಕ್ಕ ಇದಕ್ಕೆ ತಿರುಗಾಮುರುಗಾ. ಹತ್ತು ತಡೆದು ಒಂದು ಬಿಟ್ಟರೆ ಆ ಒಂದೇ ಜನರ ನೆನಪಿನಲ್ಲಿ ಉಳಿಯುತ್ತದೆ. ಹಾಗಾಗಿ ಪ್ರತಿ ವಿಶ್ವಕಪ್‌ನಲ್ಲೂ ಯಾವುದೋ ಒಂದು ದೇಶದ ಡಿಫೆನ್ಸ್ ಬಗ್ಗೆ ದೊಡ್ಡ ಜಗಳ ನಡೆದೇ ನಡೆಯುತ್ತದೆ. ಜಗಳವಾಡುವುದು ತಪ್ಪಲ್ಲ, ಆಟ ನೋಡುವ ಸುಖದಲ್ಲಿ ಅದೂ ಒಂದು ಪಾಲು. ನನ್ನ ಪ್ರಶ್ನೆ ಬೇರೆ. ಹನ್ನೊಂದು ಜನ ಸೇರಿ ಸೋತಾಗ ಆ ಸೋಲನ್ನು ಯಾರ ತಲೆಗೆ ಎಷ್ಟು ಎಂದು ಹಂಚುವ ಲೆಕ್ಕ ಎಲ್ಲಿಂದ ಬರುತ್ತದೆ?

ಇಂಥ ಜಗಳಗಳಲ್ಲಿ ಅತ್ಯಂತ ದೀರ್ಘವಾದದ್ದು 1950ರದು. ಆ ವರ್ಷ ವಿಶ್ವಕಪ್ ನಡೆದದ್ದು ಬ್ರೆಜಿಲ್‌ನಲ್ಲಿ. ಕೊನೆಯ ಪಂದ್ಯ ಜುಲೈ 16ರಂದು, ರಿಯೊ ನಗರದ ಹೊಸ ಮರಕಾನ ಕ್ರೀಡಾಂಗಣದಲ್ಲಿ. ಎದುರಾಳಿ ಪುಟ್ಟ ದೇಶ ಉರುಗ್ವೆ. ಆಗಿನ ಪದ್ಧತಿಯ ಪ್ರಕಾರ ಬ್ರೆಜಿಲ್‌ಗೆ ಡ್ರಾ ಆದರೂ ಸಾಕಿತ್ತು. ಅದಕ್ಕೂ ಮುಂಚಿನ ಐದು ಪಂದ್ಯಗಳಲ್ಲಿ ಬ್ರೆಜಿಲ್ 21 ಗೋಲು ಹೊಡೆದು ಬರೀ 4 ಬಿಟ್ಟುಕೊಟ್ಟಿತ್ತು. ಸ್ವೀಡನ್‌ಗೆ ಏಳು, ಸ್ಪೇನ್‌ಗೆ ಆರು. ಪಂದ್ಯಕ್ಕೆ ಮೊದಲೇ ಒಂದು ಪತ್ರಿಕೆ ತಂಡದ ಫೋಟೊ ಹಾಕಿ ಇವರೇ ವಿಶ್ವ ಚಾಂಪಿಯನ್ನರು ಎಂದು ಅಚ್ಚು ಹಾಕಿತ್ತು. ರಿಯೊ ಮೇಯರ್ ಕೂಡ ಆಟ ಶುರುವಾಗುವ ಮುನ್ನವೇ ಆಟಗಾರರನ್ನು ವಿಜಯಿಗಳೆಂದು ಕರೆದು ಭಾಷಣ ಮಾಡಿ ಮುಗಿಸಿದ್ದರು. ಅದು ಚುನಾವಣೆಯ ವರ್ಷ, ಆಟಗಾರರ ಬೆನ್ನು ತಟ್ಟಲು ರಾಜಕಾರಣಿಗಳ ಸಾಲು. ಸೇರಿದ್ದ ಜನ ಎರಡು ಲಕ್ಷದ ಹತ್ತಿರ.

ಬ್ರೆಜಿಲ್ ಮೊದಲ ಗೋಲು ಹೊಡೆಯಿತು. 66ನೇ ನಿಮಿಷದಲ್ಲಿ ಉರುಗ್ವೆಯ ಗಿಜ್ಜಿಯ ಬಲಬದಿಯಿಂದ ನುಗ್ಗಿ ಚೆಂಡನ್ನು ಒಳಕ್ಕೆ ಕೊಟ್ಟ, ಸ್ಕಿಯಾಫಿನೊ ಸಮ ಮಾಡಿದ. 79ನೇ ನಿಮಿಷದಲ್ಲಿ ಅದೇ ಗಿಜ್ಜಿಯ, ಅದೇ ಬಲಬದಿ. ಬಿಗೋಡೆಯನ್ನು ದಾಟಿದ. ಆಸರೆಗೆ ಬರಬೇಕಿದ್ದ ಜುವೆನಾಲ್ ತಲುಪಲಿಲ್ಲ. ಗೋಲ್‌ಕೀಪರ್ ಬಾರ್ಬೋಸ ಈ ಸಲವೂ ಚೆಂಡು ಒಳಕ್ಕೆ ಬರುತ್ತದೆ ಎಂದು ಅಂದಾಜು ಮಾಡಿ ಒಂದು ಹೆಜ್ಜೆ ಸರಿದ. ಗಿಜ್ಜಿಯ ನೇರ ಹೊಡೆದ. ಚೆಂಡು ಬಾರ್ಬೋಸನಿಗೂ ಹತ್ತಿರದ ಕಂಬಕ್ಕೂ ನಡುವೆ ಒಳಗೆ ಹೋಯಿತು. ಉರುಗ್ವೆ 2, ಬ್ರೆಜಿಲ್ 1.

ಬಿಗೋಡೆ, ಜುವೆನಾಲ್, ಬಾರ್ಬೋಸ. ಸೋಲಿನ ಹೊಣೆ ಎಂದು ಜನರ ಬಾಯಲ್ಲಿ ಉಳಿದದ್ದು ಈ ಮೂರು ಹೆಸರು. ಮೂವರೂ ಕಪ್ಪು ಜನ.

ಬೇರೆ ಕಾರಣಗಳು ಇರಲಿಲ್ಲವೇ? ಆ ಟೂರ್ನಿಯಲ್ಲೇ ಅತಿ ಹೆಚ್ಚು ಗೋಲು ಹೊಡೆದ ಅದೆಮಿರ್ ಆ ದಿನ ಒಂದೂ ಹೊಡೆಯಲಿಲ್ಲ. ಡ್ರಾ ಸಾಕು ಎಂದಿದ್ದಾಗ ಮುಂದಾಳುಗಳು ಹಿಂದೆ ಬಂದು ಕಾಯಬಹುದಿತ್ತು. ಒಂದು ಬದಿಯಿಂದ ಒಮ್ಮೆ ಗೋಲು ಬಿದ್ದ ಮೇಲೆ ಆ ಬದಿಗೆ ಇನ್ನೊಬ್ಬನನ್ನು ಕಳಿಸುವುದು ಕೋಚ್ ನೋಡಿಕೊಳ್ಳಬೇಕಾದ ಕೆಲಸ. ಆಟಕ್ಕೆ ಮೊದಲೇ ಹಾರ ಹಾಕಿದವರ ಪಾಲೂ ಉಂಟು. ಎಲ್ಲಕ್ಕಿಂತ ಮುಖ್ಯವಾಗಿ, ಉರುಗ್ವೆ ಚೆನ್ನಾಗಿ ಆಡಿತು! ಸೋತವರು ಮರೆಯುವ ಮೊದಲ ಕಾರಣವೇ ಅದು. ಧಮ್ಮ ಓದಿದ ನಮಗೆ ಇದು ಹೊಸ ಪಾಠವಲ್ಲ. ಯಾವುದೂ ಒಂದೇ ಕಾರಣದಿಂದ ಹುಟ್ಟುವುದಿಲ್ಲ, ಹಲವು ಕೂಡಿ ಒಂದು ಆಗುತ್ತದೆ ಎಂಬ ಪ್ರತೀತ್ಯಸಮುತ್ಪಾದ ಆಟದ ಮೈದಾನಕ್ಕೂ ಅನ್ವಯಿಸುತ್ತದೆ. ಆದರೆ ಸಿಟ್ಟಿನಲ್ಲಿರುವ ಜನಕ್ಕೆ ಹಲವು ಕಾರಣ ಬೇಡ, ಒಂದು ಮುಖ ಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗೆ.

ಎಮ್ಮೆಗೇ ಏಕೆ ಬರೆ ಎಂಬುದೇ ನಾವು ಕೇಳಬೇಕಾದದ್ದು. ಅಮೆರಿಕ ಖಂಡಗಳಲ್ಲಿ ಗುಲಾಮಗಿರಿಯನ್ನು ಕೊನೆಗೆ ರದ್ದು ಮಾಡಿದ ದೇಶ ಬ್ರೆಜಿಲ್, ಅದೂ 1888ರಲ್ಲಿ. ಬಾರ್ಬೋಸ ಹುಟ್ಟಿದ್ದು 1921ರಲ್ಲಿ. ಅವನು ಆಡುತ್ತಿದ್ದ ಕ್ಲಬ್ ವಾಸ್ಕೊ ಡ ಗಾಮ 1923ರಲ್ಲಿ ಕಪ್ಪು ಜನರನ್ನೂ ಕೂಲಿ ಕಾರ್ಮಿಕರನ್ನೂ ಸೇರಿಸಿಕೊಂಡ ತಂಡ ಕಟ್ಟಿ ರಿಯೊ ಚಾಂಪಿಯನ್ ಆಯಿತು. ಮರುವರ್ಷ ದೊಡ್ಡ ಮನೆತನದ ಕ್ಲಬ್‌ಗಳು ತಮ್ಮದೇ ಹೊಸ ಲೀಗ್ ಮಾಡಿಕೊಂಡು, ಇವರಲ್ಲಿ 12 ಆಟಗಾರರನ್ನು ತೆಗೆದರೆ ನಿಮ್ಮನ್ನು ಸೇರಿಸಿಕೊಳ್ಳುತ್ತೇವೆ ಎಂದವು. ವಾಸ್ಕೊ ಪತ್ರ ಬರೆದು ಒಲ್ಲೆ ಎಂದಿತು. ಆ ಪತ್ರದ ದಿನಾಂಕ 7 ಏಪ್ರಿಲ್ 1924. ನಮ್ಮವರು ನೆನಪಿಟ್ಟುಕೊಳ್ಳಬೇಕಾದ ದಿನ ಅದು. ಅಂದರೆ ಕಪ್ಪು ಜನಕ್ಕೆ ಧೈರ್ಯ ಸಾಲದು, ಬುದ್ಧಿ ಸಾಲದು, ಒತ್ತಡ ಬಂದರೆ ಕುಸಿಯುತ್ತಾರೆ ಎಂಬ ಮಾತು 1950ರ ಜುಲೈನಲ್ಲಿ ಹುಟ್ಟಿದ್ದಲ್ಲ. ಕಾಲುವೆ ಮೊದಲೇ ತೋಡಿತ್ತು, ಆ ದಿನ ನೀರು ಬಂತು, ಹರಿಯಿತು. ಉರುಗ್ವೆ ನಾಯಕ ವರೇಲ ಬಿಗೋಡೆಯ ಕೆನ್ನೆಗೆ ಹೊಡೆದ, ಇವನು ಹೇಡಿಯಂತೆ ಸುಮ್ಮನಿದ್ದ ಎಂಬ ಕತೆಯನ್ನೂ ಹಬ್ಬಿಸಿದರು. ಇಬ್ಬರೂ ಅದನ್ನು ಅಲ್ಲಗಳೆದರು. ಕತೆ ಮಾತ್ರ ನಿಲ್ಲಲಿಲ್ಲ.

ತಮಾಷೆ ನೋಡಿ, ಆ ನಾಯಕ ಒಬ್ದುಲಿಯೊ ವರೇಲ ಕೂಡ ಕಪ್ಪು ಮೂಲದವನೇ. ಕರಿಯ ನಾಯಕ ಎಂದೇ ಅವನಿಗೆ ಅಡ್ಡಹೆಸರು. ಎರಡು ಲಕ್ಷ ಜನರ ಎದುರು ಎದೆಗುಂದದೆ ತಂಡವನ್ನು ಗೆಲ್ಲಿಸಿದವನು ಅವನು. ಬಣ್ಣದಿಂದಲೇ ಸೋಲು ಎನ್ನುವವರು ಬಣ್ಣದಿಂದಲೇ ಗೆಲುವು ಎಂದೂ ಹೇಳಬೇಕಿತ್ತಲ್ಲ? ಹೇಳಲಿಲ್ಲ. ಮೇಲೆ ಹೋದಂತೆ ಗೌರವ, ಕೆಳಗೆ ಇಳಿದಂತೆ ತಿರಸ್ಕಾರ ಹೆಚ್ಚುವ ಏಣಿಯನ್ನು ಬಾಬಾಸಾಹೇಬರು ನಮಗೆ ತೋರಿಸಿಕೊಟ್ಟಿದ್ದಾರೆ. ಸೋಲು ಬಂದ ದಿನ ಆ ಏಣಿಯ ಕೆಲಸ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ನಮ್ಮ ದೇಶದ್ದೇ ಒಂದನ್ನು ನೆನೆಯಿರಿ. 2021ರ ಆಗಸ್ಟ್ 4ರಂದು ಟೋಕಿಯೊ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ನಮ್ಮ ಮಹಿಳಾ ಹಾಕಿ ತಂಡ ಅರ್ಜೆಂಟೀನಾಗೆ 2–1ರಿಂದ ಸೋತಿತು. ಹರಿದ್ವಾರದ ಹತ್ತಿರದ ರೋಶನಾಬಾದ್‌ನಲ್ಲಿ ವಂದನಾ ಕಟಾರಿಯಾ ಅವರ ಮನೆ ಮುಂದೆ ಪಟಾಕಿ ಹೊಡೆದು, ಜಾತಿ ಹಿಡಿದು ಬೈದು, ತಂಡದಲ್ಲಿ ದಲಿತರು ಹೆಚ್ಚಾದದ್ದರಿಂದಲೇ ಸೋಲಾಯಿತು ಎಂದರೆಂದು ಮನೆಯವರು ಪೊಲೀಸರಿಗೆ ದೂರು ಕೊಟ್ಟರು. ವಂದನಾ ಡಿಫೆಂಡರ್ ಕೂಡ ಅಲ್ಲ, ಫಾರ್ವರ್ಡ್. ನಾಲ್ಕು ದಿನ ಮುಂಚೆ ದಕ್ಷಿಣ ಆಫ್ರಿಕಾ ಮೇಲೆ ಮೂರು ಗೋಲು ಹೊಡೆದು, ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಸಾಧಿಸಿದ ಭಾರತದ ಮೊದಲ ಮಹಿಳೆ ಎನಿಸಿದ್ದರು. ಆ ಮೂರು ಗೋಲು ಇಲ್ಲದಿದ್ದರೆ ಸೆಮಿಫೈನಲ್ ಮಾತೇ ದೂರ ಇತ್ತು. ನಿಂದೆಗೆ ಆಟದ ಗೊಡವೆಯೇ ಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಶಾಲೆಗಳಲ್ಲೂ ಇದೇ ನಡೆಯುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಕಡಿಮೆಯಾದ ಒಂದು ವರ್ಷ ನಾನಿದ್ದ ಶಾಲೆಯ ಮೀಟಿಂಗಿನಲ್ಲಿ ಮೊದಲು ಬಂದ ಮಾತು, ಹಾಸ್ಟೆಲ್ ಮಕ್ಕಳಿಂದಲೇ ಪರ್ಸೆಂಟೇಜ್ ಬಿತ್ತು ಎಂದು. ನಾನು ಅಂಕಪಟ್ಟಿಯ ರಿಜಿಸ್ಟರ್ ತರಿಸಿ ವಿಷಯವಾರು ಓದಿದೆ. ಫೇಲಾದವರಲ್ಲಿ ಹೆಚ್ಚಿನವರು ಗಣಿತದಲ್ಲಿ ಫೇಲಾಗಿದ್ದರು. ಹಾಸ್ಟೆಲ್ಲಿನವರೂ ಇದ್ದರು, ಮನೆಯಿಂದ ಬರುವವರೂ ಇದ್ದರು. ಆ ವರ್ಷ ಐದು ತಿಂಗಳು ಗಣಿತಕ್ಕೆ ಮೇಷ್ಟ್ರೇ ಇರಲಿಲ್ಲ. ಇಷ್ಟೆಲ್ಲ ಗೊತ್ತಿದ್ದವರೇ ಆ ಮಾತು ಆಡಿದ್ದರು. ಗೊತ್ತಿಲ್ಲದೆ ಆಡಿದ್ದರೆ ತಿದ್ದುವುದು ಸುಲಭವಿತ್ತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಹಾಗಾದರೆ ಬಾರ್ಬೋಸ ತಪ್ಪೇ ಮಾಡಲಿಲ್ಲವೇ? ಕಪ್ಪು ಜನ, ದಲಿತರು ಎಂದರೆ ಟೀಕೆಯೇ ಮಾಡಬಾರದೇ? ಆಟ ಬಲ್ಲವರು ಹೇಳುವಂತೆ ಹತ್ತಿರದ ಕಂಬವನ್ನು ಕಾಯುವುದು ಕೀಪರನ ಮೊದಲ ಕೆಲಸ. ಆ ಲೆಕ್ಕದಲ್ಲಿ ಅವನು ಸರಿದದ್ದು ತಪ್ಪು. ಸರಿಯದೆ ನಿಂತು ಚೆಂಡು ಒಳಕ್ಕೆ ಬಂದು ಗೋಲಾಗಿದ್ದರೆ ಆಗಲೂ ಬೈಯುತ್ತಿದ್ದರು ಅನ್ನಿ. ಆದರೂ ಆ ಹೆಜ್ಜೆಯ ಬಗ್ಗೆ ಮಾತಾಡಬಾರದು ಎಂದು ನಾನು ಹೇಳುವುದಿಲ್ಲ.

ಅಂಗುತ್ತರ ನಿಕಾಯದ ಚತುಕ್ಕ ನಿಪಾತದಲ್ಲಿ ಪೊಟಲಿಯ ಎಂಬ ಪರಿವ್ರಾಜಕನ ಪ್ರಸಂಗ ಇದೆ. ನಿಂದನೆಗೆ ಅರ್ಹರಾದವರನ್ನು ಮಾತ್ರ ನಿಂದಿಸುವವನು, ಪ್ರಶಂಸೆಗೆ ಅರ್ಹರಾದವರನ್ನು ಮಾತ್ರ ಹೊಗಳುವವನು, ಎರಡನ್ನೂ ಮಾಡದವನು, ಎರಡನ್ನೂ ಮಾಡುವವನು, ಹೀಗೆ ನಾಲ್ಕು ಬಗೆಯ ಜನರಲ್ಲಿ ಯಾರು ಶ್ರೇಷ್ಠ ಎಂದು ಭಗವಾನರು ಕೇಳುತ್ತಾರೆ. ಎರಡನ್ನೂ ಮಾಡದೆ ಸಮಚಿತ್ತದಿಂದ ಇರುವವನೇ ಎಂದು ಪೊಟಲಿಯ ಉತ್ತರ ಕೊಡುತ್ತಾನೆ. ನಮ್ಮಲ್ಲಿ ಬಹಳ ಜನ ಇದನ್ನೇ ಬುದ್ಧರ ಉತ್ತರ ಎಂದುಕೊಂಡಿದ್ದಾರೆ. ಅಲ್ಲ. ಸತ್ಯವಾದದ್ದನ್ನು, ಇರುವಷ್ಟನ್ನೇ, ತಕ್ಕ ಸಮಯದಲ್ಲಿ ಹೇಳುತ್ತ ನಿಂದಿಸುವಲ್ಲಿ ನಿಂದಿಸಿ, ಹೊಗಳುವಲ್ಲಿ ಹೊಗಳುವವನೇ ಮೇಲು ಎನ್ನುತ್ತಾರೆ ತಥಾಗತರು. ಸುಮ್ಮನಿರುವವನಲ್ಲ, ಸಮಯ ಅರಿತವನು.

ಈ ಅಳತೆಗೋಲು ಇಟ್ಟು ನೋಡಿ. ಈ ಚೆಂಡನ್ನು ತಡೆಯಬೇಕಿತ್ತು ಎಂಬುದು ಟೀಕೆ. ಇವರ ಜನಕ್ಕೆ ಗುಂಡಿಗೆಯಿಲ್ಲ ಎಂಬುದು ಟೀಕೆಯೇ ಅಲ್ಲ, ಆಟಕ್ಕೆ ಮುಂಚೆಯೇ ಬರೆದಿಟ್ಟ ತೀರ್ಪು. ಮೊದಲನೆಯದಕ್ಕೆ ಬಾರ್ಬೋಸ ಉತ್ತರ ಕೊಡಬಹುದು, ಮುಂದಿನ ಪಂದ್ಯದಲ್ಲಿ ತಿದ್ದಿಕೊಳ್ಳಬಹುದು. ಎರಡನೆಯದಕ್ಕೆ ಅವನು ಏನು ಮಾಡಿದರೂ ಉತ್ತರವಿಲ್ಲ. ತಿದ್ದಿಕೊಳ್ಳಲು ಅವಕಾಶವೂ ಸಿಗಲಿಲ್ಲವೆನ್ನಿ. 1949ರಲ್ಲಿ ದಕ್ಷಿಣ ಅಮೆರಿಕದ ಚಾಂಪಿಯನ್ ಆದ ತಂಡದ ಕೀಪರ್‌ಗೆ 1950ರ ನಂತರ ದೇಶದ ಪರ ಆಡಲು ಸಿಕ್ಕಿದ್ದು ಒಂದೇ ಒಂದು ಪಂದ್ಯ. ಬ್ರೆಜಿಲ್‌ನ ಮುಖ್ಯ ಕೀಪರ್ ಆಗಿ ಒಬ್ಬ ಕಪ್ಪು ಮನುಷ್ಯ ವಿಶ್ವಕಪ್ಪಿಗೆ ಹೋದದ್ದು 2006ರಲ್ಲಿ, ದೀದಾ. ನಡುವೆ 1966ರಲ್ಲಿ ಮಂಗಾ ಒಂದು ಪಂದ್ಯ ಆಡಿದ್ದು ಬಿಟ್ಟರೆ ಐವತ್ತಾರು ವರ್ಷ. ಆ ದಿನ ತಂಡ ತೊಟ್ಟಿದ್ದ ಬಿಳಿ ಅಂಗಿಯನ್ನೂ ಜನ ಅಪಶಕುನ ಎಂದರು. ಅಂಗಿ ಬದಲಾಯಿತು, 1954ರಿಂದ ಹಳದಿ ಬಂತು. ಅಂಗಿಯನ್ನು ಕಳಚಬಹುದು.

ಅಪಶಕುನ ಎಂಬ ಮಾತು ನಮಗೆ ಚೆನ್ನಾಗಿ ಗೊತ್ತು. ಎದುರು ಬರಬೇಡ, ನೆರಳು ಬೀಳಿಸಬೇಡ ಎಂದು ನಮ್ಮ ಅಜ್ಜಂದಿರಿಗೆ ಹೇಳಿದ ಮಾತೇ ಅದು. 1993ರಲ್ಲಿ ಬ್ರೆಜಿಲ್ ತಂಡ ಅಭ್ಯಾಸ ಮಾಡುತ್ತಿದ್ದಲ್ಲಿಗೆ ಆಟಗಾರರನ್ನು ಮಾತಾಡಿಸಿ ಹರಸಲು ಹೋದ ಎಪ್ಪತ್ತು ದಾಟಿದ ಬಾರ್ಬೋಸನನ್ನು ಕೆಟ್ಟ ಗಳಿಗೆ ತರುತ್ತಾನೆಂದು ಒಳಗೆ ಬಿಡಲಿಲ್ಲ. ತಮ್ಮ ದೇಶದಲ್ಲಿ ಅತಿ ದೊಡ್ಡ ಶಿಕ್ಷೆ ಮೂವತ್ತು ವರ್ಷ, ತಾನು ಮಾಡದ ಅಪರಾಧಕ್ಕೆ ಅದಕ್ಕಿಂತ ಹೆಚ್ಚು ಅನುಭವಿಸಿದ್ದೇನೆ ಎಂಬರ್ಥದ ಮಾತನ್ನು ಕೊನೆಗಾಲದಲ್ಲಿ ಅವನು ಹೇಳುತ್ತಿದ್ದ. ಹಿಂದಿನ ಜನ್ಮದ ಪಾಪ ಎಂದು ನಮ್ಮ ಕಡೆ ಸಮಾಧಾನ ಹೇಳುತ್ತಿದ್ದರೇನೋ. ಕಮ್ಮ ಎಂದರೆ ಹಿಂದಿನ ಜನ್ಮದ ಸಾಲ ಅಲ್ಲ ಎಂದು ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಅಷ್ಟು ಪಟ್ಟುಹಿಡಿದು ಬರೆದದ್ದು ಏಕೆ ಎಂಬುದು ಇಂಥ ಕಡೆ ಅರ್ಥವಾಗುತ್ತದೆ.

ಇನ್ನೊಂದು ಮಾತು ನನಗೆ ಬಹಳ ದಿನದಿಂದ ಕೊರೆಯುತ್ತಿದೆ. ಲಾಭ–ಅಲಾಭ, ಯಶ–ಅಪಯಶ, ನಿಂದೆ–ಪ್ರಶಂಸೆ, ಸುಖ–ದುಃಖ, ಈ ಅಷ್ಟಲೋಕಧರ್ಮಗಳಿಗೆ ಅಲುಗಾಡಬಾರದು ಎಂದು ನಾವು ವಂದನೆಯ ನಂತರ ಪ್ರವಚನದಲ್ಲಿ ಕೇಳುತ್ತೇವೆ. ಒಳ್ಳೆಯದು. ನಿಂದೆ ತಿಂದವನು ತನ್ನ ಮನಸ್ಸು ಕಾಪಾಡಿಕೊಳ್ಳಲು ಅದು ದೊಡ್ಡ ಆಸರೆ. ಆದರೆ ಅದು ಅವನು ತಾನಾಗಿ ತೆಗೆದುಕೊಳ್ಳುವ ಔಷಧಿ. ಬೈದವನೇ ಬಂದು, ಸಮಚಿತ್ತದಿಂದ ಇರಪ್ಪ, ನಿಮ್ಮ ಬುದ್ಧ ಹಾಗೇ ಹೇಳಿದ್ದಾನಲ್ಲ ಎಂದರೆ ಅದು ಧಮ್ಮವಲ್ಲ, ಬಾಯಿಗೆ ಬಟ್ಟೆ ತುರುಕುವುದು. ಪಕ್ಕದಲ್ಲಿ ನಿಂತು ನೋಡುವ ನಮಗೂ ಆ ಸಮಚಿತ್ತ ಸಲ್ಲುವುದಿಲ್ಲ. ಹಾಸ್ಟೆಲ್ ಮಕ್ಕಳನ್ನು ಹಳಿಯುವ ಮೀಟಿಂಗಿನಲ್ಲಿ ಉಪೇಕ್ಖೆ ಎಂದು ಕಣ್ಣು ಮುಚ್ಚಿ ಕೂತರೆ ನಾವು ಪೊಟಲಿಯನ ಕಡೆಯವರೇ.

ಹಾಗೆ ನೋಡಿದರೆ ಆ ಸಂಜೆ ಹೆಚ್ಚು ಕರುಣೆ ತೋರಿದವನು ಗೆದ್ದ ತಂಡದ ವರೇಲ. ತನ್ನವರ ಸಂಭ್ರಮ ಬಿಟ್ಟು ರಿಯೊದ ಬಾರುಗಳಿಗೆ ಹೋಗಿ, ಅಳುತ್ತಿದ್ದ ಬ್ರೆಜಿಲ್ ಜನರ ಜೊತೆ ಕೂತು ಬೆಳಗಿನವರೆಗೆ ಕುಡಿದನಂತೆ. ಪಂಚಶೀಲದ ಐದನೆಯದನ್ನು ಈ ಒಂದು ರಾತ್ರಿಗೆ ಅವನ ಮೇಲೆ ಹೇರದಿರೋಣ.

ತಕ್ಕ ಸಮಯ ಎಂದರಲ್ಲ ತಥಾಗತರು, ಆ ಮಾತೇ ನನ್ನನ್ನು ಹೆಚ್ಚು ಕಾಡುವುದು. 2014ರ ಜುಲೈ 8ರಂದು, ಮತ್ತೆ ಬ್ರೆಜಿಲ್‌ನಲ್ಲೇ ನಡೆದ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಜರ್ಮನಿ ಅವರಿಗೆ ಏಳು ಗೋಲು ಹೊಡೆಯಿತು. ಡಿಫೆನ್ಸ್ ಎಂಬುದೇ ಇರಲಿಲ್ಲ. ಆಗ ಹಲವರಿಗೆ ಬಾರ್ಬೋಸನ ನೆನಪಾಯಿತು. ಪಾಪ, ಅವನು ಬಿಟ್ಟದ್ದು ಎರಡೇ, ಇನ್ನಾದರೂ ಅವನಿಗೆ ಬಿಡುಗಡೆಯಾಯಿತು ಎಂದರು. ಬಾರ್ಬೋಸ ತೀರಿಕೊಂಡದ್ದು 2000ದ ಏಪ್ರಿಲ್ 7ರಂದು.

ಭಾನುವಾರದ ಓದಿಗೆ ಪೊಟಲಿಯ ಸುತ್ತವನ್ನೇ ಇಟ್ಟುಕೊಂಡಿದ್ದೇವೆ. ನಿಮ್ಮ ಕೆಲಸದ ಜಾಗದಲ್ಲಿ, ಊರಿನಲ್ಲಿ ಇಂಥ ನಿಂದೆ ಕೇಳಿದ್ದರೆ, ಆಗ ಯಾರು ಮಾತಾಡಿದರು, ಯಾರು ಸುಮ್ಮನಿದ್ದರು ಎಂಬುದನ್ನು ನೆನಪು ಮಾಡಿಕೊಂಡು ಬನ್ನಿ. ಮಕ್ಕಳನ್ನೂ ಕರೆತನ್ನಿ, ಫುಟ್‌ಬಾಲ್ ಭಾಗ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಜೈಭೀಮ್.