ಕೇಳುವ ಕಿವಿಗೂ ಪರೀಕ್ಷೆ ಬೇಡವೇ?

ತಲಕಾಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಅಮೆರಿಕದಲ್ಲಿ ಗಣಿತದ ಸಂಶೋಧನೆಗೆ ಸೇರಲು ಟೋಫೆಲ್ ಪರೀಕ್ಷೆ ಕೊಟ್ಟೆ. ಮಾತಿನ ಭಾಗಕ್ಕೆ ಆಗ 30 ಅಂಕ. ಕಂಪ್ಯೂಟರಿನ ಮೊದಲ ಪ್ರಶ್ನೆಗೆ 45 ಸೆಕೆಂಡಿನಲ್ಲಿ ಉತ್ತರಿಸಬೇಕಿತ್ತು. ನನಗೆ 21 ಬಂತು. ಓದಲು ಸಾಕು, ಪಾಠ ಮಾಡಲು ಸಾಲದು ಎಂದರು. ಟೀಚಿಂಗ್ ಅಸಿಸ್ಟೆಂಟ್ ಸಂಬಳವಿಲ್ಲದೆ ಅಲ್ಲಿ ಬದುಕುವುದು ಹೇಗೆ? ಹಾಗೆಂದು ನಿಯಮವೇ ಅನ್ಯಾಯ ಎನ್ನಲಾರೆ. ಫೀಸು ಕಟ್ಟಿ ಕೂತ ಮಕ್ಕಳಿಗೆ ಲೆಕ್ಕ ಅರ್ಥವಾಗಬೇಕಲ್ಲ.

ಆದರೆ ಅರ್ಥವಾಗುವುದು ಹೇಳುವವನೊಬ್ಬನ ಹೊಣೆಯೇ? ಡೊನಾಲ್ಡ್ ರೂಬಿನ್ 1992ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅಮೆರಿಕದ ವಿದ್ಯಾರ್ಥಿಗಳಿಗೆ ಧ್ವನಿಮುದ್ರಿತ ಪಾಠ ಕೇಳಿಸಿದ್ದರು. ದನಿ ಅಮೆರಿಕದ ಹೆಂಗಸಿನದೇ. ಕೆಲವರಿಗೆ ಬಿಳಿಯ ಹೆಂಗಸಿನ ಫೋಟೊ ತೋರಿಸಿದ್ದರು, ಕೆಲವರಿಗೆ ಏಷ್ಯಾದವಳದು. ಏಷ್ಯಾದ ಮುಖ ನೋಡಿದವರಿಗೆ ಇಲ್ಲದ ಪರಕೀಯ ಉಚ್ಚಾರಣೆ ಕೇಳಿಸಿತು. ಪಾಠವೂ ಕಡಿಮೆ ತಲೆಗೆ ಹತ್ತಿತು.

ಇದನ್ನು ಓದಿ ನನ್ನ ಸಿಟ್ಟಿಗೆ ಬಲ ಬಂತು. ಬೆನ್ನಿಗೇ ಹೈಸ್ಕೂಲು ನೆನಪಾಯಿತು. ಬೀದರ್ ಕಡೆಯಿಂದ ಒಬ್ಬ ಮೇಷ್ಟ್ರು ಬಂದಿದ್ದರು. ಅವರು ಬಾಯಿ ತೆರೆಯುವ ಮುಂಚೆಯೇ 'ಇವರ ಮಾತು ತಿಳಿಯಕ್ಕಿಲ್ಲ ಕಣ್ಲಾ' ಎಂದು ಹಿಂದಿನ ಬೆಂಚಿನಲ್ಲಿ ನಕ್ಕವನು ನಾನೇ. ಆ ವರ್ಷ ತ್ರಿಕೋನಮಿತಿಯಲ್ಲಿ ಕಡಿಮೆ ಅಂಕ ಬಂದಾಗ, ತಪ್ಪು ಅವರ ಕನ್ನಡದ್ದು ಎಂದು ಅಪ್ಪನಿಗೆ ಹೇಳಿದ್ದೆ. ಅಪ್ಪ ನಂಬಿದ್ದರು.