ನಾಲ್ಕನೇ ತೂತಿನ ರೀಡು

ಮೌತ್ ಆರ್ಗನ್ ಇಡಿಯಾಗಿ ಕೆಡುವುದು ಅಪರೂಪ. ಹತ್ತು ತೂತಿನ ಡಯಾಟೋನಿಕ್ ವಾದ್ಯದೊಳಗೆ 20 ರೀಡುಗಳಿರುತ್ತವೆ, ಬಹುತೇಕ ಹಿತ್ತಾಳೆಯವು. ಅವುಗಳಲ್ಲಿ ಮೊದಲು ಸೋಲುವುದು ಯಾವುದೋ ಒಂದು. ಬ್ಲೂಸ್ ನುಡಿಸುವವರ ಕೈಯಲ್ಲಿ ಅದು ಹೆಚ್ಚಾಗಿ ನಾಲ್ಕನೇ ತೂತಿನದು, ಉಸಿರು ಒಳಗೆಳೆದಾಗ ನುಡಿಯುವ ರೀಡು. ಸ್ವರವನ್ನು ಬಗ್ಗಿಸುವ ಆಸೆಗೆ ಅದನ್ನು ಪದೇಪದೇ ಜಗ್ಗಿರುತ್ತಾರೆ. ರಿವೆಟ್ ಹೊಡೆದ ಬುಡದಲ್ಲಿ ಲೋಹ ದಣಿದು ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ, ಶ್ರುತಿ ಇಳಿಯುತ್ತದೆ. ಮುಚ್ಚಳ ಬಿಚ್ಚಿ ನೋಡಿದರೆ ಒಳಗಿರುವುದು ನುಡಿಸಿದವರ ಚಾಳಿಯ ಲೆಕ್ಕಪತ್ರ.

ಜಯನಗರ ನಾಲ್ಕನೇ ಬ್ಲಾಕಿನಲ್ಲೋ ಬನಶಂಕರಿಯಲ್ಲೋ ವಾದ್ಯದಂಗಡಿಗೆ ಹೋಗಿ ಹೊಸದೊಂದನ್ನು ಕೇಳಿದರೆ, ಬಲ್ಲವರು ಮೊದಲು ಕೇಳುವುದು ‘ಏನು ನುಡಿಸ್ತೀರಿ?’ ಎಂದು. ಹಳೆಯ ಸಿನಿಮಾ ಹಾಡುಗಳಾದರೆ ಟ್ರೆಮೊಲೊ: ಒಂದೊಂದು ಸ್ವರಕ್ಕೂ ಎರಡೆರಡು ರೀಡು, ಎರಡರ ಶ್ರುತಿಯಲ್ಲಿ ಕೂದಲೆಳೆಯ ವ್ಯತ್ಯಾಸ, ಆ ವ್ಯತ್ಯಾಸದಿಂದಲೇ ಹುಟ್ಟುವ ಅಲುಗಾಟ. ಹನ್ನೆರಡೂ ಸ್ವರಸ್ಥಾನ ಬೇಕೆಂದರೆ ಪಕ್ಕದಲ್ಲಿ ಗುಂಡಿಯಿರುವ ಕ್ರೊಮ್ಯಾಟಿಕ್. ಬ್ಲೂಸ್ ಆದರೆ ಹೋನರ್ ಕಂಪನಿ 1896ರಲ್ಲಿ ತಂದ ಮರೀನ್ ಬ್ಯಾಂಡ್. ಮರದ ಒಡಲು ತುಟಿಗೆ ಹಿಡಿಸದಿದ್ದರೆ ಪ್ಲಾಸ್ಟಿಕ್ ಒಡಲಿನ ಸ್ಪೆಷಲ್ 20. ರೀಡು ಬೇಗ ಮುರಿಯುವ ಕೈಯವರಿಗೆ ಸೈಡೆಲ್ ಕಂಪನಿಯ ಸ್ಟೀಲ್ ರೀಡು. ಬಾಯಿಟ್ಟು ನೋಡುವಂತಿಲ್ಲ, ಎಂಜಲಾಗುತ್ತದೆ. (ದೇವಸ್ಥಾನದಲ್ಲೂ ಊದುವ ಶಂಖ ಬೇರೆ, ಅಭಿಷೇಕದ ಶಂಖ ಬೇರೆ.) ಕೊನೆಗೆ ಎಲ್ಲ ಮಾತೂ ಒಂದೇ ಸಲಹೆಗೆ ಬಂದು ನಿಲ್ಲುತ್ತದೆ: ನಿಮ್ಮ ಶೈಲಿಗೆ ಹೊಂದುವುದನ್ನು ತಗೊಳ್ಳಿ.

ಸಲಹೆಯಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಈ ನಾಡಿನ ವೇದಾಂತಿಗಳು ಶತಮಾನಗಳ ಕಾಲ ಜಗಳವಾಡಿದ ಪ್ರಶ್ನೆಯೊಂದು ಅದರೊಳಗೆ ಕೂತಿದೆ. ನಿಮ್ಮದು ಎನ್ನುವ ಆ ಶೈಲಿ ನಿಮ್ಮ ಸ್ವಭಾವವೋ, ಎಲ್ಲಿಂದಲೋ ಅಂಟಿಕೊಂಡ ವಾಸನೆಯೋ?

ಭಗವದ್ಗೀತೆಯ ಎರಡನೇ ಅಧ್ಯಾಯದ ಹಳೆ ಬಟ್ಟೆಯ ಮಾತು ಸಾವಿನ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಜೀರ್ಣವಾದದ್ದನ್ನು ಬಿಟ್ಟು ಹೊಸದನ್ನು ಉಡುವುದೇನೋ ಸರಿ, ಹೊಸದಕ್ಕೆ ಅಳತೆ ಕೊಟ್ಟವರು ಯಾರು? ಹದಿನೈದನೇ ಅಧ್ಯಾಯದಲ್ಲಿ ಸುಳಿವಿದೆ: ಗಾಳಿ ಗಂಧವನ್ನು ಒಯ್ಯುವಂತೆ ಜೀವ ತನ್ನ ಮನಸ್ಸು, ಇಂದ್ರಿಯಗಳನ್ನು ಹೊತ್ತುಕೊಂಡೇ ಮುಂದಿನ ದೇಹಕ್ಕೆ ಹೋಗುತ್ತದೆ. ಪತಂಜಲಿಯ ಯೋಗಸೂತ್ರ ಇನ್ನೂ ಬಿಗಿಯಾಗಿ, ಕರ್ಮದ ಪಾಕಕ್ಕೆ ಹೊಂದುವ ವಾಸನೆಗಳಷ್ಟೇ ತಲೆಯೆತ್ತುತ್ತವೆ ಎನ್ನುತ್ತದೆ. ಶೈಲಿಗೆ ತಕ್ಕ ವಾದ್ಯವೆಂಬುದು ಅಂಗಡಿಯ ಜಾಣತನವಷ್ಟೇ ಅಲ್ಲ, ಪುನರ್ಜನ್ಮದ ನಿಯಮವೂ ಹೌದು. ಸಂಸಾರಚಕ್ರ ತಿರುಗುವುದೇ ಹಾಗೆ. ಮತ್ತೆ ಅದೇ ತೂತು, ಮತ್ತೆ ಅದೇ ಬಿರುಕು.

ಈ ಚಕ್ರದ ಬಗ್ಗೆ ಎಲ್ಲರಿಗಿಂತ ತಾಳ್ಮೆಯಿಂದ ಬರೆದವರು ಹದಿನಾಲ್ಕನೇ ಶತಮಾನದ ವಿದ್ಯಾರಣ್ಯರು, ಶೃಂಗೇರಿ ಪೀಠದಲ್ಲಿದ್ದವರು. ಅವರ ‘ಜೀವನ್ಮುಕ್ತಿವಿವೇಕ’ದಲ್ಲಿ ವಾಸನಾಕ್ಷಯಕ್ಕೇ ಒಂದು ಇಡೀ ಪ್ರಕರಣವಿದೆ. ಹಿಂದುಮುಂದು ಯೋಚಿಸದೆ ಒಂದನ್ನು ಗಟ್ಟಿಯಾಗಿ ಹಿಡಿಯುವುದೇ ವಾಸನೆ ಎಂಬ ಲಕ್ಷಣವನ್ನು ಅವರು ಯೋಗವಾಸಿಷ್ಠದಿಂದ ತೆಗೆದುಕೊಳ್ಳುತ್ತಾರೆ. ಅದಕ್ಕೆ ಕೊಡುವ ಉದಾಹರಣೆ ಕಾಮವೂ ಅಲ್ಲ, ಕ್ರೋಧವೂ ಅಲ್ಲ: ತಮ್ಮ ಊರಿನ ಆಚಾರ, ಮನೆತನದ ಧರ್ಮ, ತಮ್ಮ ಭಾಷೆ, ಅದರಲ್ಲಿ ಯಾವುದು ಶುದ್ಧ ಯಾವುದು ಅಶುದ್ಧ ಎಂಬ ಹಟ. ಮುಂದೆ ದೇಹವಾಸನೆಯ ಮಾತು ಬಂದಾಗ ಸಂಗೀತಗಾರರನ್ನೂ ಬಿಡುವುದಿಲ್ಲ. ಕಂಠ ಮೃದುವಾಗಲೆಂದು ಜನ ಎಣ್ಣೆ ಕುಡಿಯುತ್ತಾರೆ, ಮೆಣಸು ತಿನ್ನುತ್ತಾರೆ ಎಂದು ಬರೆಯುತ್ತಾರೆ. ಸನ್ಯಾಸಿಯೊಬ್ಬರು ಗಾಯಕರ ಅಡುಗೆಮನೆಯನ್ನು ಇಷ್ಟು ಹತ್ತಿರದಿಂದ ನೋಡಿದ್ದು ಖುಷಿ ಕೊಡುವ ಸಂಗತಿ. ಸ್ಟೀಲ್ ರೀಡಿನ ಆಯ್ಕೆಯೂ ಅವರ ಕಣ್ಣಿಗೆ ಇದೇ ಸಾಲಿನದಾಗಿ ಕಂಡೀತು: ಜಗ್ಗುವ ಚಾಳಿ ಹಾಗೇ ಇರಲಿ, ಜಗ್ಗಾಟ ತಾಳುವ ಲೋಹ ಸಿಕ್ಕರೆ ಸಾಕು.

ದೇವಸ್ಥಾನಗಳಲ್ಲಿ ಬದಲಿ ವ್ಯವಸ್ಥೆಗೆ ಇನ್ನೊಂದು ಕ್ರಮವಿದೆ. ವಿಗ್ರಹ ಜೀರ್ಣವಾದಾಗ ಅದರ ಸಾನ್ನಿಧ್ಯವನ್ನು ಕಳಶಕ್ಕೆ ಆಕರ್ಷಿಸಿ, ಹಳೆಯದನ್ನು ನೀರಿಗೆ ಬಿಟ್ಟು, ಹೊಸದನ್ನು ಪ್ರತಿಷ್ಠಾಪಿಸುತ್ತಾರೆ. ತಲೆಮಾರುಗಳ ಅಭಿಷೇಕದಿಂದ ಹಳೆಯ ವಿಗ್ರಹದ ಮೂಗು ಸವೆದಿರಬಹುದು, ಭಕ್ತರಿಗೆ ಆ ಸವೆದ ಮುಖವೇ ಪ್ರಿಯವಾಗಿರಬಹುದು. ಆದರೂ ಶಿಲ್ಪಿ ಸವಕಲನ್ನು ನಕಲು ಮಾಡುವುದಿಲ್ಲ. ಅವನಿಗೆ ಆಧಾರ ಧ್ಯಾನಶ್ಲೋಕ ಮತ್ತು ಶಾಸ್ತ್ರದ ಅಳತೆ. ವಾದ್ಯ ಬದಲಿಸುವವರು ಮಾತ್ರ ಸವಕಲಿಗೇ ಅಳತೆ ಕೊಡುತ್ತಾರೆ.

ಮಾಧ್ವರು ಇಷ್ಟಕ್ಕೆ ಒಪ್ಪುವವರಲ್ಲ. ಜಯನಗರ ಐದನೇ ಬ್ಲಾಕಿನ ರಾಯರ ಮಠದಲ್ಲಿ ಸಿದ್ಧಾಂತ ತಿಳಿದ ಯಾರನ್ನು ಕೇಳಿದರೂ ಉತ್ತರ ಸ್ಪಷ್ಟ: ಒಬ್ಬ ಜೀವ ಇನ್ನೊಬ್ಬನಂತಲ್ಲ, ಪ್ರತಿಯೊಬ್ಬರ ಸ್ವರೂಪವೂ ಯೋಗ್ಯತೆಯೂ ಅನಾದಿಯಿಂದ ಬೇರೆ ಬೇರೆ. ಆ ಲೆಕ್ಕದಲ್ಲಿ ಶೈಲಿಯೆಂಬುದು ಕಳೆದುಕೊಳ್ಳಬೇಕಾದ ಕೊಳೆಯಲ್ಲ. ಸಾಧನೆಯಿಂದ ಹೊರಬರಬೇಕಾದದ್ದೇ ಅದು. ಆದರೆ ನುಡಿಸುವವರು ಇದರಿಂದ ಬೀಗುವ ಹಾಗಿಲ್ಲ. ಉಸಿರು ಅವರದ್ದಲ್ಲ. ಪ್ರತಿ ಜೀವಿಯ ಒಳಗಿದ್ದು ದಿನಕ್ಕೆ 21,600 ಸಲ ಶ್ವಾಸರೂಪದ ಹಂಸಮಂತ್ರವನ್ನು ಜಪಿಸುವವನು ಮುಖ್ಯಪ್ರಾಣ. ನಾಲ್ಕು ಸೆಕೆಂಡಿಗೆ ಒಂದು ಉಸಿರಾಯಿತು. ಕೊಳಲು, ನಾಗಸ್ವರಗಳು ಹೊರಬರುವ ಉಸಿರಿಗಷ್ಟೇ ನುಡಿಯುತ್ತವೆ, ಒಳಗೆಳೆಯುವ ಹೊತ್ತು ಅಲ್ಲಿ ಬಿಡುವು. ಮೌತ್ ಆರ್ಗನ್‌ಗೆ ರೇಚಕವೂ ನಾದ, ಪೂರಕವೂ ನಾದ. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ 1975ರ ‘ಶೋಲೆ’ಯಲ್ಲಿ ಅಮಿತಾಭ್ ಬಚ್ಚನ್ ತುಟಿಗಿಟ್ಟ ಮೌತ್ ಆರ್ಗನ್ನಿನ ನಾದ ಭಾನು ಗುಪ್ತ ಅವರದು. ತುಟಿ ಒಬ್ಬರದು, ಉಸಿರು ಇನ್ನೊಬ್ಬರದು. ಮಧ್ವಮತದ ಪ್ರಕಾರ ಎಲ್ಲ ವಾದಕರೂ ಅಮಿತಾಭರೇ.

ಬಸವಣ್ಣನವರು ಒಂದು ವಚನದಲ್ಲಿ ಇದನ್ನೂ ದಾಟುತ್ತಾರೆ. ಅಲ್ಲಿ ಭಕ್ತನ ಮೈಯೇ ವೀಣೆ, ನುಡಿಸುವವನು ಕೂಡಲಸಂಗಮದೇವ. ಶೈಲಿಯ ಆಯ್ಕೆ ವಾದ್ಯಕ್ಕಂತೂ ಇಲ್ಲ.

ಇಷ್ಟರ ನಡುವೆ ವಾದ್ಯಕ್ಕೂ ತನ್ನದೇ ವಾಸನೆಯಿದೆ. ಸಾಮಾನ್ಯ ಡಯಾಟೋನಿಕ್‌ನ ಸ್ವರಜೋಡಣೆ ಜರ್ಮನ್ ಭಾಷೆಯ ಸೀಮೆಯ ಜನಪದ ಹಾಡುಗಳಿಗಾಗಿ ಆದದ್ದು. ಕೆಳಗಿನ ತೂತುಗಳು ಒಟ್ಟಾಗಿ ಕಾರ್ಡ್ ನುಡಿಯಲೆಂದು ಮಂದ್ರದಲ್ಲಿ ಎರಡು ಸ್ವರ ಕೈಬಿಟ್ಟರು. ಮೊದಲ ಮೂರು ತೂತುಗಳಲ್ಲಿ ಊದಿದರೆ ಸ, ಗ, ಪ. ಎಳೆದರೆ ರಿ, ಪ, ನಿ. ಮಧ್ಯಮವಿಲ್ಲ, ಧೈವತವಿಲ್ಲ. ಉಳಿದದ್ದು ನೇರ ಹಂಸಧ್ವನಿ! ಬೆಂಗಳೂರಿನ ಗಣೇಶೋತ್ಸವದ ಪೆಂಡಾಲಿನಲ್ಲಿ ಹಂಸಧ್ವನಿ ಕೇಳದೆ ವರ್ಷ ಕಳೆಯುವುದಿಲ್ಲ, ಆದರೆ ಜರ್ಮನ್ ಕುಶಲಕರ್ಮಿಗಳಿಗೆ ಗಣಪತಿಯ ಗೊಡವೆ ಇರಲಿಲ್ಲ. ಗಮಕದ ವಿಷಯಕ್ಕೆ ಬಂದರೆ ವಾದ್ಯ ಅಷ್ಟು ಉದಾರಿಯಲ್ಲ. ಬಗ್ಗಿಸಿದಾಗ ಸ್ವರ ಇಳಿಯುತ್ತದೆ, ಏರುವುದಿಲ್ಲ. ಹಾಗಾದರೆ ಮನುಷ್ಯ ಬಗ್ಗಬೇಕೋ ವಾದ್ಯವೋ? ಕದ್ರಿ ಗೋಪಾಲನಾಥರು ಗಮಕಕ್ಕಾಗಿ ಸ್ಯಾಕ್ಸೊಫೋನನ್ನೇ ಮಾರ್ಪಡಿಸಿಕೊಂಡರು. ಪಿಟೀಲು ಚೌಡಯ್ಯನವರು ಏಳು ತಂತಿ ಹೂಡಿದ್ದು ಮೈಕಿಲ್ಲದ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು. ಇಬ್ಬರೂ ಚಾಳಿಗೆ ಮಣಿದವರಲ್ಲ, ಸಂಗೀತದ ಅಗತ್ಯಕ್ಕೆ ವಾದ್ಯವನ್ನು ಮಣಿಸಿದವರು.

ವಿದ್ಯಾರಣ್ಯರು ಕೂಡ ವಾಸನೆಯನ್ನು ಒಂದೇ ಏಟಿಗೆ ಕಿತ್ತೆಸೆಯಿರಿ ಎನ್ನುವುದಿಲ್ಲ. ಮಲಿನವಾದದ್ದರ ಜಾಗಕ್ಕೆ ಮೈತ್ರಿ, ಕರುಣೆಯಂಥ ಶುಭವಾಸನೆಯನ್ನು ತನ್ನಿ, ಆಮೇಲೆ ಅದನ್ನೂ ಬಿಡಿ ಎಂಬುದು ಅವರ ಕ್ರಮ. ಅಂಗಡಿಯಲ್ಲಿ ಇದಕ್ಕೆ ಸಮನಾದ ಆಯ್ಕೆ ಇಲ್ಲದಿಲ್ಲ. ಟ್ರೆಮೊಲೊದಲ್ಲಿ ಪ್ರತಿ ರೀಡಿಗೂ ತನ್ನದೇ ಪುಟ್ಟ ಗೂಡು ಇರುವುದರಿಂದ ಸ್ವರ ಬಗ್ಗುವುದಿಲ್ಲ. ಜಗ್ಗುವವರಿಗೆ ಅದು ಒಳ್ಳೆಯ ವ್ರತ. ಅಲುಗಾಟದ ಮರೆಯಲ್ಲಿ ಬೇಸುರನ್ನು ಅಡಗಿಸುವವರಿಗೆ ಡಯಾಟೋನಿಕ್‌ನ ಬೆತ್ತಲೆ ಸ್ವರವೇ ವ್ರತ. ಹೀಗೆ ವಾದ್ಯ ಬದಲಾದ ಮೇಲೂ ಕೈಬಿಡದೆ ಉಳಿಯುವ ನುಡಿಸಾಣಿಕೆಯೇ ಸ್ವಭಾವ ಎಂದು ಮಾಧ್ವ ವಾದಕರು ವಾದಿಸಬಹುದು. ಶೃಂಗೇರಿಯ ಕಡೆಯವರು ತಲೆಯಾಡಿಸುವುದಿಲ್ಲ: ಉಳಿದದ್ದು ಹಳೆಯ ವಾಸನೆ, ಹಿತ್ತಾಳೆಗಿಂತ ಗಟ್ಟಿಯಾದದ್ದು ಅಷ್ಟೇ.